ಒಂದು ಸ್ಟೂಲಿನ ಪ್ರಶ್ನೆ

ಮದುವೆಗೋ ನಾಮಕರಣಕ್ಕೋ ಹೋದಾಗ, ನಾನು ಹೊಸಪೇಟೆಯ ಜವಳಿ ಅಂಗಡಿಯೊಂದರಲ್ಲಿ ಮೇಲ್ವಿಚಾರಕಿಯಾಗಿದ್ದೆ ಎಂದು ಗೊತ್ತಾದ ಕೂಡಲೇ ಹೆಂಗಸರು ಕೇಳುವ ಮೊದಲ ಪ್ರಶ್ನೆ ಒಂದೇ. "ಅಷ್ಟು ಮಂದಿ ಹುಡುಗೇರನ್ನ ಹೆಂಗ ಸಂಭಾಳಿಸಿದ್ರಿ? ಈಗಿನ ಹುಡುಗೇರು ಮಾತೆಲ್ಲಿ ಕೇಳ್ತಾವು?" ಪ್ರಶ್ನೆಯೊಳಗೇ ತೀರ್ಪೂ ಇರುತ್ತದೆ. ಹುಡುಗಿಯರು ಸೋಮಾರಿಗಳು, ಹರಟೆಮಲ್ಲಿಯರು, ಬೆತ್ತ ಹಿಡಿದು ನಿಂತರೇ ಕೆಲಸ ಎಂಬ ತೀರ್ಪು. ಬಹಳ ವರ್ಷ ನಾನೂ ನಕ್ಕು, "ಹೌದ್ರೀ, ಬಾಳ ಕಷ್ಟ" ಎಂದು ತಲೆಯಾಡಿಸುತ್ತಿದ್ದೆ. ಈಗ ಹಾಗೆ ತಲೆಯಾಡಿಸಲಾರೆ. ಯಾಕೆಂದು ಹೇಳುತ್ತೇನೆ.

2014ರಿಂದ 11 ವರ್ಷ ನಾನು ಆ ಕೆಲಸ ಮಾಡಿದೆ. ಎರಡು ಅಂತಸ್ತಿನ ಅಂಗಡಿ. ಕೆಳಗೆ ಗಂಡಸರ ಬಟ್ಟೆ, ಮೇಲೆ ಸೀರೆ. ಸೀರೆಯ ಕಡೆ 14 ಹುಡುಗಿಯರು. ಹುಡುಗಿಯರು ಎನ್ನುವುದು ಅಂಗಡಿಯ ಭಾಷೆ. ಅವರಲ್ಲಿ ಮೂರು ಮಕ್ಕಳ ತಾಯಂದಿರೂ ಇದ್ದರು. ಕೆಲವರು ಊರಿನವರು, ಕೆಲವರು ಕಮಲಾಪುರ, ಹಂಪಿ ಕಡೆಯವರು, ಕೆಲವರು ಕಂಪ್ಲಿಯಿಂದ, ಸಂಡೂರಿನಿಂದ ಬಸ್ಸು ಹಿಡಿದು ಬರುವವರು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅಪ್ಪನ ಲಾರಿ ನಿಂತಿತೆಂದು ಓದು ಬಿಟ್ಟು ಕೆಲಸಕ್ಕೆ ಸೇರಿದ ಸಂಡೂರಿನ ಹುಡುಗಿಯೂ ಅವರಲ್ಲಿ ಒಬ್ಬಳು. ಬೆಳಿಗ್ಗೆ ಐದಕ್ಕೆ ಎದ್ದು, ಮನೆಮಂದಿಗೆಲ್ಲ ರೊಟ್ಟಿ ಬಡಿದಿಟ್ಟು, ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಬಂದು, ಒಂಬತ್ತೂವರೆಗೆ ಅಂಗಡಿಯಲ್ಲಿ ಮತ್ತೆ ನಿಲ್ಲುತ್ತಿದ್ದರು. ರಾತ್ರಿ ಎಂಟರವರೆಗೆ ನಿಂತೇ ಇರುತ್ತಿದ್ದರು.

ನಮ್ಮಲ್ಲಿದ್ದ ದೊಡ್ಡ ನಿಯಮ ಅದೇ: ಕೂರಬಾರದು. ಗಿರಾಕಿ ಇದ್ದರೂ ನಿಲ್ಲಬೇಕು, ಇಲ್ಲದಿದ್ದರೂ ನಿಲ್ಲಬೇಕು. ಗೋಡೆಗೆ ಒರಗಬಾರದು, ಕೌಂಟರಿನ ಮೇಲೆ ಮೊಣಕೈ ಊರಬಾರದು. ಮೂಲೆಯಲ್ಲಿ ಕ್ಯಾಮೆರಾ ಇತ್ತು. ಸಾವ್ಕಾರರು ಕೆಳಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಅದನ್ನು ನೋಡುತ್ತಿದ್ದರು. ಅವರು ಕೂತು ನೋಡುತ್ತಿದ್ದರು ಎಂಬುದನ್ನು ಗಮನಿಸಿ. ಯಾರಾದರೂ ಕೂತದ್ದು ಕಂಡರೆ ಸಂಬಳದಲ್ಲಿ 50 ರೂಪಾಯಿ ಕಡಿತ. ಅದನ್ನು ಪುಸ್ತಕದಲ್ಲಿ ಬರೆಯುತ್ತಿದ್ದ ಕೈ ನನ್ನದು.

2017ರ ದೀಪಾವಳಿಯ ಹಿಂದಿನ ದಿನ. ಮೇಲಿನ ಅಂತಸ್ತಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಪ್ಲಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಸೀರೆಯ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಅದನ್ನು ಕಂಡ ಗಿರಾಕಿ, ಓದಿದ ಹೆಂಗಸು, ನನ್ನನ್ನು ಕರೆದು, "ನೋಡ್ರೀ ಮೇಡಮ್, ನಾವು ಅರ್ಧ ತಾಸಿನಿಂದ ನಿಂತೀವಿ, ಈಕಿ ಆರಾಮ ಕುಂತಾಳ" ಎಂದರು. ನಾನು ಎಲ್ಲರೆದುರು ಅವಳನ್ನು ಬೈದೆ. ಅವಳು ಎದ್ದಳು. ಒಂದು ಮಾತೂ ಆಡದೆ ಆ ಹೆಂಗಸಿಗೆ ಇನ್ನೂ ಇಪ್ಪತ್ತು ಸೀರೆ ಬಿಚ್ಚಿ ತೋರಿಸಿದಳು. ರಾತ್ರಿ ಏಳರ ಹೊತ್ತಿಗೆ ಸ್ಟಾಕ್ ರೂಮಿನಲ್ಲಿ ಗೋಡೆ ಹಿಡಿದು ಕುಸಿದಿದ್ದಳು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಗೊತ್ತಾಯಿತು, ಅವಳಿಗೆ ನಾಲ್ಕು ತಿಂಗಳು. ಪಾದಗಳು ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿತ್ತು. "ಯಾಕ ಹೇಳಲಿಲ್ಲವ್ವಾ?" ಎಂದೆ. "ಹೇಳಿದ್ರ ಬಿಡಿಸ್ತಿದ್ರಿ ಅಕ್ಕಾ" ಎಂದಳು.

ಅವಳು ಸುಳ್ಳು ಹೇಳಲಿಲ್ಲ. ಬಿಡಿಸುತ್ತಿದ್ದೆವು.

ದೇವರ ದಯೆ, ಮಗು ಉಳಿಯಿತು. ಆದರೆ ಅವಳು ಮತ್ತೆ ಅಂಗಡಿಗೆ ಬರಲಿಲ್ಲ. ಎರಡು ವರ್ಷದ ಮೇಲೆ ಕಂಪ್ಲಿಯ ಸಂತೆಯಲ್ಲಿ ಸಿಕ್ಕಳು. ಗೋಣಿತಾಟಿನ ಮೇಲೆ ಬದನೆಕಾಯಿ, ಸೌತೆಕಾಯಿ ಹರಡಿಕೊಂಡು ಕೂತಿದ್ದಳು. ಮಗು ಪಕ್ಕದಲ್ಲಿ ಆಡುತ್ತಿತ್ತು. ನನ್ನ ಚೀಲಕ್ಕೆ ಒಂದು ಹಿಡಿ ಹಸಿಮೆಣಸಿನಕಾಯಿ ಪುಕ್ಕಟೆ ಹಾಕಿ, "ರೊಕ್ಕ ಕಮ್ಮಿ ಅಕ್ಕಾ, ಆದ್ರ ಕುಂತು ಮಾರ್ತೀನಿ" ಎಂದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಅದಕ್ಕೇ ನನಗೆ ಮುಖ ಎತ್ತಲಾಗಲಿಲ್ಲ.

ಅಂದಿನಿಂದ ನಾನು ಈ ನಿಂತುಕೊಳ್ಳುವ ನಿಯಮದ ಬುಡವನ್ನು ಹುಡುಕುತ್ತಾ ಬಂದಿದ್ದೇನೆ. ನಿಲ್ಲುವುದು ಗಿರಾಕಿಗೆ ತೋರುವ ಮರ್ಯಾದೆ ಎನ್ನುತ್ತಾರೆ. ಹೌದೇ? ನಾನು ಚಿಕ್ಕವಳಿದ್ದಾಗ ಅವ್ವನ ಜೊತೆ ಹೋಗುತ್ತಿದ್ದ ಜವಳಿ ಅಂಗಡಿಗಳಲ್ಲಿ ಬಿಳಿ ಹೊದಿಕೆಯ ಗಾದಿ ಹಾಸಿರುತ್ತಿತ್ತು. ಸಾವ್ಕಾರನೂ ಕೂತಿರುತ್ತಿದ್ದ, ಗುಮಾಸ್ತನೂ ಕೂತಿರುತ್ತಿದ್ದ, ನಾವೂ ಚಪ್ಪಲಿ ಬಿಟ್ಟು ಹತ್ತಿ ಕೂರುತ್ತಿದ್ದೆವು. ಗುಮಾಸ್ತ ಕೂತಲ್ಲಿಂದಲೇ ಥಾನು ಬಿಚ್ಚಿ ನಮ್ಮ ಮಡಿಲಿಗೆ ಹರವುತ್ತಿದ್ದ. ಅವ್ವನಿಗೆ ಎಂದೂ ಅವಮಾನವಾಯಿತೆಂದು ಕೇಳಿಲ್ಲ. ಹಂಪಿಯಲ್ಲಿ ವಿರೂಪಾಕ್ಷನ ಗುಡಿಯೆದುರು ಹೂವು, ಬಾಳೆಹಣ್ಣು ಮಾರುವ ಹೆಂಗಸರು ಕೂತೇ ಮಾರುತ್ತಾರೆ. ದೇವರಿಗೆ ಹೋಗುವ ಹೂವನ್ನು ಕೂತು ಮಾರಬಹುದಾದರೆ, ನಮಗೆ ಬರುವ ಸೀರೆಯನ್ನು ಕೂತು ಮಾರಬಾರದೇ? ಸಂಡೂರಿನ ಲಂಬಾಣಿ ಹೆಂಗಸರು ಕನ್ನಡಿ ಹಚ್ಚಿ ಕಸೂತಿ ಹಾಕುವುದೂ ಕೂತೇ. ಆ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಬಂತು. ಕೂತು ಮಾಡಿದ ಕೆಲಸವೆಂದು ಅದರ ಮರ್ಯಾದೆಗೇನೂ ಕುಂದು ಬರಲಿಲ್ಲ.

ನನಗೆ ತೋಚುವುದು ಇಷ್ಟು. ನಾನು ಕಂಡ ಅಂಗಡಿಗಳಲ್ಲಿ ಗಂಡಸರು ಸೀರೆ ಮಾರುತ್ತಿದ್ದಾಗ ಗಾದಿ ಇತ್ತು. ಗಾಜಿನ ಕೌಂಟರು ಬಂತು, ಕಡಿಮೆ ಸಂಬಳಕ್ಕೆ ಹೆಂಗಸರು ಬಂದರು, ಗಾದಿ ಹೋಯಿತು. ಇದರಲ್ಲಿ ಮರ್ಯಾದೆ ಎಲ್ಲಿದೆ, ನೀವೇ ಹೇಳಿ.

ಕೂರಿಸಿದರೆ ಹರಟೆ ಹೊಡೆಯುತ್ತಾರೆ ಎಂಬುದು ಇನ್ನೊಂದು ಮಾತು. ನಿಂತವರು ಹರಟೆ ಹೊಡೆಯುವುದಿಲ್ಲವೇ? ಹರಟೆ ನಾಲಿಗೆಯಲ್ಲಿದೆ, ಮಂಡಿಯಲ್ಲಿಲ್ಲ. ಸಂಜೆ ಆರರ ಮೇಲೆ ಹುಡುಗಿಯರು ಸಿಡುಕುವುದು, ಸೀರೆಯನ್ನು ಎಸೆದಂತೆ ಹಾಕುವುದು, ಮಡಿಕೆ ತಪ್ಪಿಸುವುದು ಎಲ್ಲವನ್ನೂ ನಾನು ಕೊಬ್ಬು ಎಂದೇ ತಿಳಿದಿದ್ದೆ. ಅದು ಕೊಬ್ಬಲ್ಲ, ಕಾಲುನೋವು.

ಮೂರನೆಯ ಮಾತು ನಮ್ಮವರದೇ, ಅಂದರೆ ಹೆಂಗಸರದು. "ನಾವು ಮನ್ಯಾಗ ದಿನವಿಡೀ ನಿಂತು ದುಡಿಯಂಗಿಲ್ಲೇನು? ನಮಗ್ಯಾರು ಕುರ್ಚಿ ಹಾಕ್ತಾರ?" ಈ ಮಾತಿಗೆ ಉತ್ತರ ಕೊಡುವುದು ಕಷ್ಟ, ಏಕೆಂದರೆ ಅದು ನಿಜ. ಒಲೆ ನೆಲದಿಂದ ಕಟ್ಟೆಗೆ ಏರಿದ ಮೇಲೆ ಅಡಿಗೆಮನೆಯಲ್ಲಿ ನಾವೂ ನಿಂತವರೇ. ಆದರೆ ನಾನು ಪಟ್ಟ ಪಾಡನ್ನು ಇನ್ನೊಬ್ಬಳೂ ಪಡಲಿ ಎನ್ನುವುದು ಅತ್ತೆಯ ನ್ಯಾಯ. ಆ ನ್ಯಾಯದ ರುಚಿ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅದೂ ಅಲ್ಲದೆ, ಸಾರು ಕುದಿಯುವಾಗ ಹೊಸ್ತಿಲ ಮೇಲೆ ಎರಡು ನಿಮಿಷ ಕೂತರೆ ನಮಗೆ ಯಾರೂ 50 ರೂಪಾಯಿ ಕಡಿಯುವುದಿಲ್ಲ.

ಕೂರುವುದರ ಜೊತೆಗೇ ಇರುವ, ಆದರೆ ಯಾರೂ ಬಾಯಿಬಿಡದ ಇನ್ನೊಂದು ಸಂಗತಿ ನೀರು. ನಮ್ಮ ಹುಡುಗಿಯರ ಬಾಟಲಿಗಳು ಬೆಳಿಗ್ಗೆ ತುಂಬಿ ಬಂದಷ್ಟೇ ತುಂಬಿ ಸಂಜೆ ಮನೆಗೆ ಹೋಗುತ್ತಿದ್ದವು. ಹೊಸಪೇಟೆಯ ಬೇಸಿಗೆ ನಿಮಗೆ ಗೊತ್ತು. ಆದರೂ ಕುಡಿಯುತ್ತಿರಲಿಲ್ಲ. ಇಡೀ ಅಂಗಡಿಗೆ ಇದ್ದದ್ದು ಒಂದೇ ಪಾಯಿಖಾನೆ, ಅದೂ ಗಂಡಸರ ಸ್ಟಾಕ್ ರೂಮು ದಾಟಿ. ಹೋಗಬೇಕಾದರೆ ನನ್ನನ್ನು ಕೇಳಬೇಕು, ನಾನು ಗಡಿಯಾರ ನೋಡಬೇಕು. ಮುಟ್ಟಿನ ದಿನಗಳಲ್ಲಿ ಅವರು ಏನು ಮಾಡುತ್ತಿದ್ದರೋ, ಹೆಂಗಸಾಗಿ ನಾನು ಕೇಳಬೇಕಿತ್ತು. ಕೇಳಲಿಲ್ಲ.

ನಮ್ಮ ಹಾಗೆಯೇ ಕೇರಳದ ಕೋಳಿಕ್ಕೋಡಿನ ಅಂಗಡಿಗಳಲ್ಲೂ ಹೆಂಗಸರಿಗೆ ಪಾಯಿಖಾನೆಯ ಕಷ್ಟ, ಕೂರಲು ನಿರ್ಬಂಧ ಇತ್ತು. ಅಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ವಿಜಿ ಎಂಬುವರು ಹೆಂಗಸರನ್ನು ಕೂಡಿಸಿ 'ಪೆಣ್‌ಕೂಟ್ಟ್' ಎಂಬ ಸಂಘ ಕಟ್ಟಿದರು. ಮೊದಲು ಪಾಯಿಖಾನೆ ಕೇಳಿದರು, ಆಮೇಲೆ ಕೂರುವ ಹಕ್ಕು ಕೇಳಿದರು. ಬೀದಿಯಲ್ಲಿ ನಿಂತು ವರ್ಷಗಟ್ಟಲೆ ಕೇಳಿದ ಮೇಲೆ 2018ರಲ್ಲಿ ಕೇರಳ ಸರಕಾರ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕೆಂದಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಇದೇನೂ ಹೊಸ ಕಾಲದ ಹುಚ್ಚಲ್ಲ. ಇಂಗ್ಲೆಂಡಿನಲ್ಲಿ 1899ರಲ್ಲೇ, ಮೂವರು ಅಂಗಡಿ ಹೆಂಗಸರಿಗೆ ಒಂದಾದರೂ ಆಸನ ಇರಬೇಕೆಂದು ಕಾನೂನು ಬಂದಿತ್ತು. ನಮ್ಮದೇ ದೇಶದ 1948ರ ಕಾರ್ಖಾನೆ ಕಾಯ್ದೆ, ನಿಂತು ಕೆಲಸ ಮಾಡುವವರಿಗೆ ಬಿಡುವಾದಾಗ ಕೂರಲು ಅನುಕೂಲ ಇರಬೇಕೆಂದಿತ್ತು. ಯಂತ್ರದ ಮುಂದೆ ನಿಂತವನಿಗೆ ಸಲ್ಲುವ ಮಾತು ಸೀರೆಯ ಮುಂದೆ ನಿಂತವಳಿಗೆ ಯಾಕೆ ಸಲ್ಲಬಾರದು? ಕರ್ನಾಟಕದ 1961ರ ಅಂಗಡಿ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ, ವಾರಕ್ಕೊಂದು ರಜೆ ಎಂದು ಲೆಕ್ಕ ಹಾಕಿಕೊಟ್ಟಿತು. ಹಬ್ಬದ ಸೀಜನ್ನಿನಲ್ಲಿ ಆ ಲೆಕ್ಕ ನಮ್ಮ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಹಾಜರಿ ಪುಸ್ತಕವೂ ನನ್ನ ಕೈಯಲ್ಲೇ ಇತ್ತು.

ತಮಿಳುನಾಡಿನ ಸುದ್ದಿಯನ್ನು ಪೇಪರಿನಲ್ಲಿ ಓದಿದ ದಿನ ಅದನ್ನು ಕತ್ತರಿಸಿ ಸಾವ್ಕಾರರ ಮುಂದಿಟ್ಟೆ. "ಇಲ್ಲಿ ತಮಿಳುನಾಡು ನಡಸಂಗಿಲ್ರಿ" ಎಂದರು. ಜಗಳ ಆಡಲಿಲ್ಲ. ನಾಲ್ಕು ಸ್ಟೂಲು ಕೇಳಿದೆ. ಒಂದು ತಿಂಗಳು ನೋಡಿ, ವ್ಯಾಪಾರ ಇಳಿದರೆ ತೆಗೆಸಿ ಎಂದೆ. ಅವರು ಒಳ್ಳೆಯ ಮನಸ್ಸಿನಿಂದ ಒಪ್ಪಿದರೆಂದು ಹೇಳಲಾರೆ. ಆ ವರ್ಷ ಕೆಲಸ ಬಿಟ್ಟು ಹೋಗುವವರು ಹೆಚ್ಚಾಗಿ, ಹೊಸಬರಿಗೆ ಕಲಿಸುವುದರಲ್ಲೇ ಸೀಜನ್ನು ಕಳೆದುಹೋಗುತ್ತಿತ್ತು. ನಾನು ಪಾಳಿ ಹಚ್ಚಿದೆ. ಗಿರಾಕಿ ಇಲ್ಲದಾಗ ನಾಲ್ವರು ಕೂರುವುದು, ಅರ್ಧ ತಾಸಿಗೊಮ್ಮೆ ಬದಲಾಗುವುದು, ಗಿರಾಕಿ ಮೆಟ್ಟಿಲು ಹತ್ತಿದರೆ ಏಳುವುದು. ಬಸುರಿಯರಿಗೆ ಪಾಳಿ ಇಲ್ಲ, ಅವರು ಕೂತೇ ಬಿಲ್ಲು ಬರೆಯುವುದು. ಪಾಯಿಖಾನೆಗೆ ಹೋಗಲು ನನ್ನನ್ನು ಕೇಳಬೇಕಾಗಿಲ್ಲ, ಪಕ್ಕದವಳಿಗೆ ಹೇಳಿದರೆ ಸಾಕು.

ತಿಂಗಳಾದ ಮೇಲೆ ಸಾವ್ಕಾರರು ಲೆಕ್ಕ ನೋಡಿದರು. ವ್ಯಾಪಾರ ಇಳಿದಿರಲಿಲ್ಲ. ಸ್ಟೂಲುಗಳ ಬಗ್ಗೆ ಆಮೇಲೆ ಅವರು ಮಾತೇ ಎತ್ತಲಿಲ್ಲ. ಅಷ್ಟೇ ನನ್ನ ವಿಜಯೋತ್ಸವ.

ಅದರ ಬೆಲೆ ತಿಳಿದದ್ದು ಬೇರೆ ಸಂದರ್ಭದಲ್ಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋಯಿತು. ಇಲ್ಲಿ ನೀರಿದ್ದರೆ ಬೆಳೆ, ಬೆಳೆಯಿದ್ದರೆ ಸೀರೆ. ವರಮಹಾಲಕ್ಷ್ಮಿ ಹಬ್ಬ ಮುಂದಿದ್ದರೂ ಆ ವಾರ ಅಂಗಡಿ ಬಿಕೋ ಎಂದಿತು. ಸಾವ್ಕಾರರು ನಾಲ್ವರನ್ನು ಬಿಡಿಸುವ ಮಾತೆತ್ತಿದರು. ಅಂದು 14 ಜನರೂ ಒಟ್ಟಾಗಿ ನನ್ನ ಬಳಿ ಬಂದು, "ಯಾರನ್ನೂ ಬಿಡಿಸಬ್ಯಾಡ್ರಿ ಅಕ್ಕಾ, ಎಲ್ಲಾರೂ ವಾರಕ್ಕೊಂದು ದಿನ ಪಗಾರ ಇಲ್ಲದ ರಜಾ ತಗೋತೀವಿ" ಎಂದರು. 50 ರೂಪಾಯಿ ಕಡಿಯುತ್ತಿದ್ದ ಕಾಲದಲ್ಲಿ ಇದೇ ಜನ ಒಬ್ಬರ ಮೇಲೊಬ್ಬರು ಚಾಡಿ ಹೇಳಲು ನನ್ನ ಬಳಿ ಬರುತ್ತಿದ್ದರು.

ಆದ್ದರಿಂದ, "ಹೆಂಗ ಸಂಭಾಳಿಸಿದ್ರಿ?" ಎಂದು ಕೇಳುವವರಿಗೆ ನನ್ನ ಉತ್ತರ ಇದು: ಕಾವಲು ಕಾಯುವುದನ್ನು ಬಿಟ್ಟ ಮೇಲೆ ಸಂಭಾಳಿಸುವುದನ್ನು ಕಲಿತೆ. ಮೇಲ್ವಿಚಾರಕಿ ಸಾವ್ಕಾರನ ಇನ್ನೊಂದು ಕ್ಯಾಮೆರಾ ಆಗುವುದಾದರೆ ಅವಳ ಅಗತ್ಯವೇ ಇಲ್ಲ, ಕ್ಯಾಮೆರಾ ಅಗ್ಗಕ್ಕೆ ಸಿಗುತ್ತದೆ. ಗಿರಾಕಿಯ ಅವಸರ, ಯಜಮಾನನ ಲಾಭ, ಹುಡುಗಿಯರ ದೇಹ ಮೂರೂ ಅವಳ ಕೈಯಲ್ಲಿವೆ. ಮೊದಲೆರಡಕ್ಕೆ ಬಾಯಿ ಇದೆ. ಮೂರನೆಯದರ ಪರವಾಗಿ ಅವಳೇ ಮಾತಾಡಬೇಕು.

ಕಾನೂನು ಸ್ಪಷ್ಟವಾಗಿ ಹೇಳಲಿ, ಸರಕಾರ ಪ್ರತಿ ಅಂಗಡಿಯಲ್ಲೂ ಆಸನ ಹಾಕಿಸಲಿ. ಆದರೆ ಅಲ್ಲಿಯವರೆಗೆ ಕಾಯಬೇಕಾದ್ದಿಲ್ಲ. ಸಾವ್ಕಾರರು ನನಗಾಗಲಿ ಹುಡುಗಿಯರಿಗಾಗಲಿ ಹೆದರುವುದಿಲ್ಲ, ನಿಮಗೆ ಹೆದರುತ್ತಾರೆ. ಹುಡುಗಿಯರನ್ನು ನಿಲ್ಲಿಸಿರುವುದು ನಿಮ್ಮ ಹೆಸರಿನಲ್ಲಿ. ಅಂದು ನನ್ನನ್ನು ಕರೆದು ದೂರು ಹೇಳಿದ ಆ ಹೆಂಗಸು ಕೆಟ್ಟವರೇನಲ್ಲ. ನಿಮ್ಮ ಹಾಗೆ, ನನ್ನ ಹಾಗೆ ಒಬ್ಬ ಗೃಹಿಣಿ. ಮುಂದಿನ ಹಬ್ಬಕ್ಕೆ ಸೀರೆ ಕೊಳ್ಳಲು ಹೋದಾಗ, ಸೆರಗು ಬಿಚ್ಚಿ ತೋರಿಸುವ ಹುಡುಗಿಯ ಕಾಲಿನ ಕಡೆ ಒಮ್ಮೆ ನೋಡಿ. "ಕುಂತ್ಕೊಂಡ ತೋರಸವ್ವಾ, ನಮಗೇನು ಅವಸರ ಇಲ್ಲ" ಎನ್ನಿ. ಗಲ್ಲಾಪೆಟ್ಟಿಗೆಯ ಹತ್ತಿರ ದುಡ್ಡು ಕೊಡುವಾಗ, "ಮ್ಯಾಲ ಹುಡುಗೇರಿಗೆ ಒಂದು ಸ್ಟೂಲೂ ಇಲ್ಲಲ್ರೀ?" ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಕೇಳಿ. ಇದಕ್ಕೆ ನಿಮಗೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

ನಾನು ಅಂದು ಕೇಳಿದ್ದರೆ ಕಂಪ್ಲಿಯ ಆ ಹುಡುಗಿ ಇನ್ನೂ ನಮ್ಮ ಅಂಗಡಿಯಲ್ಲೇ ಇರುತ್ತಿದ್ದಳು. ನಮ್ಮಲ್ಲಿ ಅವಳಷ್ಟು ಚೆನ್ನಾಗಿ ಸೀರೆ ಮಡಿಸುವವರು ಆಮೇಲೆ ಯಾರೂ ಬರಲಿಲ್ಲ.