ಕುರಿದೊಡ್ಡಿಯ ಒಡತಿಯರು

ಅಮೆರಿಕದ ಮೂಲನಿವಾಸಿಗಳೆಂದೊಡನೆ, ಗರಿಯ ಕಿರೀಟ ಧರಿಸಿ ಕುದುರೆಯೇರಿದ ಯೋಧನ ಚಿತ್ರವೇ ನಮ್ಮ ಕಣ್ಣೆದುರು ನಿಲ್ಲುತ್ತದೆ. ಅದು ಚಲನಚಿತ್ರಗಳ ಪ್ರಭಾವ. ಅರಿಜೋನ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳ ಒಣ ನೆಲದಲ್ಲಿ ಬಾಳುವ ನವಾಹೋ ಜನರ ಸಂಸಾರವನ್ನು ಅರಿಯಬೇಕಾದರೆ ನಾವು ಯೋಧನನ್ನು ಬಿಟ್ಟು ಅಜ್ಜಿಯ ಕುರಿದೊಡ್ಡಿಯ ಬಳಿ ನಿಲ್ಲಬೇಕು.

ಅವರು ತಮ್ಮನ್ನು 'ದಿನೇ', ಎಂದರೆ 'ಜನ', ಎಂದು ಕರೆದುಕೊಳ್ಳುತ್ತಾರೆ. ಮರದ ದಿಮ್ಮಿ ಹಾಗೂ ಮಣ್ಣಿನಿಂದ ಕಟ್ಟುವ ಅವರ ಸಾಂಪ್ರದಾಯಿಕ ಮನೆ 'ಹೋಗನ್'ಗೆ ಬಾಗಿಲು ಪೂರ್ವಕ್ಕೇ ಇರಬೇಕು. ಕುಲವು ತಾಯಿಯಿಂದ ಬರುತ್ತದೆ. ಅಪರಿಚಿತರು ಭೇಟಿಯಾದಾಗ ಪರಸ್ಪರ ಕುಲಗಳನ್ನು ಹೇಳಿಕೊಂಡು ನಂಟು ಹುಡುಕುತ್ತಾರೆ. ಶಿಶುವಿನ ಹೊಕ್ಕುಳಬಳ್ಳಿಯ ತುಣುಕನ್ನು ಕುರಿದೊಡ್ಡಿಯ ಮಣ್ಣಿನಲ್ಲಿ ಹೂಳುವ ವಾಡಿಕೆಯುಂಟು. ಮಗುವಿನ ಮನಸ್ಸು ಎಲ್ಲಿ ಹೋದರೂ ಮನೆಗೆ ಮರಳಲೆಂಬ ಆಶಯ ಅದರದು. ಮಕ್ಕಳಿಗೆ ಎಳವೆಯಲ್ಲೇ ಸ್ವಂತದ ಕುರಿಮರಿ ದೊರೆಯುತ್ತದೆ. ಉಣ್ಣೆ ನೂತು, ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಕಂಬಳಿ ನೇಯುವವರು ಹೆಚ್ಚಾಗಿ ಸ್ತ್ರೀಯರೇ. ಈ ವಿದ್ಯೆಯನ್ನು ಕಲಿಸಿದವಳು 'ಜೇಡಮ್ಮ' ಎಂಬ ದೇವತೆಯೆಂದು ಅವರ ನಂಬಿಕೆ.

ಇಂತಹ ಮನೆಗಳನ್ನು 1863-64ರಲ್ಲಿ ಅಮೆರಿಕದ ಸೇನೆ ಸುಟ್ಟಿತು. ಪೈರು, ಕುರಿಗಳು ನಾಶವಾದವು. ಎಂಟು ಸಾವಿರಕ್ಕೂ ಹೆಚ್ಚು ಜನರು ನೂರಾರು ಮೈಲಿ ನಡೆದು ಬೋಸ್ಕ್ ರೆಡೊಂಡೊ ಎಂಬಲ್ಲಿ ಸೆರೆಯಾದರು. 1868ರ ಜೂನ್ 1ರ ಒಪ್ಪಂದದಿಂದ ಅವರು ಸ್ವದೇಶಕ್ಕೆ ಮರಳಿದರು. ಆ ಒಪ್ಪಂದದಲ್ಲಿ 15,000 ಕುರಿ-ಮೇಕೆಗಳನ್ನು ಕೊಡುವ ವಾಗ್ದಾನವೂ ಇತ್ತು. ಹಿಂಡುಗಳು ಮತ್ತೆ ಬೆಳೆದವು.

ಬಹುವಾಗಿಯೇ ಬೆಳೆದವು. 1930ರ ದಶಕದಲ್ಲಿ, ಅತಿಯಾದ ಮೇವಿನಿಂದ ಮಣ್ಣು ಕೊಚ್ಚಿಹೋಗಿ ಹೂವರ್ ಅಣೆಕಟ್ಟೆಯಲ್ಲಿ ಹೂಳು ತುಂಬೀತೆಂದು ಸರ್ಕಾರ ಬೆದರಿತು. ನೆಲ ಸವೆದಿದ್ದುದು ಸುಳ್ಳಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಜಾನ್ ಕಾಲಿಯರ್ ಅವರ ಇಲಾಖೆ ಮಾತುಕತೆ ನಡೆಸಿದ್ದು ಪುರುಷರೇ ಇದ್ದ ಮಂಡಳಿಯೊಡನೆ. ಹಿಂಡಿನ ಒಡತಿಯರನ್ನು ಕೇಳಿದವರಾರು? ಬಡ ಮನೆಗಳಿಗೆ ಹಾಲು-ಮಾಂಸವೀಯುತ್ತಿದ್ದ ಮೇಕೆಗಳನ್ನೇ ಮೊದಲು ನಿಷ್ಪ್ರಯೋಜಕವೆಂದು ಎಣಿಸಲಾಯಿತು. ಸಾಗಿಸಲಾಗದವನ್ನು ಕೆಲವೆಡೆ ಗುಂಡಿಕ್ಕಿ ಅಲ್ಲಿಯೇ ಕೊಳೆಯಲು ಬಿಟ್ಟರು. ಸಾಕಿದವರ ಕಣ್ಣೆದುರಿಗೇ ಇದು ನಡೆಯಿತೆಂಬುದನ್ನು ನೆನೆದರೆ ಮನಸ್ಸು ಮರುಗುತ್ತದೆ. ಗಣಿತವು ಸರಿಯಿದ್ದರೂ ಗೃಹಿಣಿಯ ಲೆಕ್ಕ ಬೇರೆಯೇ ಇರುತ್ತದೆ.

ಸ್ಪೇನಿನವರು ತಂದಿದ್ದ 'ಚುರ್ರೊ' ತಳಿಯ ಕುರಿ ಇದರಿಂದ ಬಹುತೇಕ ಅಳಿಯಿತು. ಅದರ ನೀಳ ಉಣ್ಣೆಯಲ್ಲಿ ಜಿಡ್ಡು ಕಡಿಮೆ. ತೊಳೆಯಲು ನೀರು ಅಷ್ಟಾಗಿ ಬೇಡ. ಮರುಭೂಮಿಯ ನೇಕಾರ್ತಿಗೆ ಇದೆಂತಹ ಅನುಕೂಲ! 1977ರಲ್ಲಿ ಪಶುವಿಜ್ಞಾನಿ ಲೈಲ್ ಮೆಕ್‌ನೀಲ್ ಅವರು ಅಳಿದುಳಿದ ಚುರ್ರೊಗಳನ್ನು ಕಲೆಹಾಕಿ ತಳಿ ಬೆಳೆಸತೊಡಗಿದರು. ಮುಂದೆ ಆ ಕುರಿಗಳು ನವಾಹೋ ಮನೆಗಳ ದೊಡ್ಡಿಗಳಿಗೆ ಹಿಂದಿರುಗಿದವು. ಅವುಗಳ ಟಗರುಗಳಲ್ಲಿ ಕೆಲವಕ್ಕೆ ನಾಲ್ಕು ಕೊಂಬುಗಳಿರುತ್ತವೆ.