ಸಂಘದ ಖತಾವಣಿಯೂ ಪರರ ಪರವಾನಿಗೆಯೂ

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ನೆಯ ಇಸ್ವಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರೆಂಬುದೂ, ನಮ್ಮ ದೇಶದಲ್ಲಿ ಅಂಥ ಸಂಘಗಳಿಗೆ ಅದೇ ಮೊದಲಿನದೆಂದು ಪ್ರಸಿದ್ಧಿ ಪಡೆದಿರುವದೆಂಬುದೂ ಈ ಜಿಲ್ಲೆಯ ವಾಚಕರಿಗೆ ಹೊಸ ಸಂಗತಿಯಲ್ಲ. ಆದರೆ ಸಹಕಾರವು ರೈತನಿಗೆ ತಂದದ್ದು ಅಗ್ಗದ ಸಾಲವೊಂದನ್ನೇ ಅಲ್ಲ. ಅದುವರೆಗೆ ಅವನ ಲೆಕ್ಕವು ಸಾಹುಕಾರನ ಮನೆಯಲ್ಲಿ, ಸಾಹುಕಾರನ ಕೈಬರಹದಲ್ಲಿ, ಅವನು ತೆರೆದಾಗ ತೆರೆದು ಮುಚ್ಚಿದಾಗ ಮುಚ್ಚುವ ಪುಸ್ತಕದಲ್ಲಿ ಇರುತ್ತಿದ್ದಿತು. ಸಂಘವು ಬಂದ ತರುವಾಯ ಕಿರ್ದಿ ಖತಾವಣಿಗಳು ಸದಸ್ಯರ ಸ್ವಂತ ಸೊತ್ತಾದವು. ಆ ಸೊತ್ತು ಈಗ ಸ್ಥಳ ಬದಲಿಸುತ್ತಲಿದೆ.

2022ನೆಯ ಇಸ್ವಿಯ ಜೂನ್ ತಿಂಗಳಲ್ಲಿ ಕೇಂದ್ರ ಮಂತ್ರಿಮಂಡಲವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ಏರಿಸುವ ಯೋಜನೆಗೆ ಮಂಜೂರಿಯನ್ನಿತ್ತಿತು. ಆಗ ಅದಕ್ಕೆ ಗೊತ್ತುಪಡಿಸಿದ ವೆಚ್ಚವು 2,516 ಕೋಟಿ ರೂಪಾಯಿಗಳಾಗಿದ್ದಿತು. ಕಾರ್ಯಭಾರವು ನಬಾರ್ಡಿನದು, ಎಲ್ಲ ಸಂಘಗಳಿಗೂ ಒಂದೇ ತಂತ್ರಾಂಶ, ಅದು ಇರುವದು ಕ್ಲೌಡ್‌ನಲ್ಲಿ, ಎಂದರೆ ಸಂಘದ ಕಚೇರಿಯಲ್ಲಲ್ಲ, ದೂರದಲ್ಲೆಲ್ಲಿಯೋ ಬಾಡಿಗೆಗೆ ಹಿಡಿದ ಯಂತ್ರಶಾಲೆಯಲ್ಲಿ. ಇದನ್ನು ನಾವು ವಿರೋಧಿಸುವವರಲ್ಲ. ಮಳೆಗೆ ನೆನೆದ, ಗೆದ್ದಲು ತಿಂದ, ಕಾರ್ಯದರ್ಶಿಯು ಬದಲಾದೊಡನೆ ಕಾಣೆಯಾದ ಪುಸ್ತಕಗಳ ಕಥೆಯನ್ನು ಮುಂಡರಗಿಯವರಿಗಾಗಲಿ ಶಿರಹಟ್ಟಿಯವರಿಗಾಗಲಿ ನಾವು ಹೇಳಬೇಕಾದುದಿಲ್ಲ. ನಮ್ಮ ಪ್ರಶ್ನೆಯು ಬೇರೆ. ಈ ಹೊಸ ಖತಾವಣಿಯನ್ನು ಹಿಡಿದಿಡುವ ಡೇಟಾಬೇಸ್ ಎಂಬ ತಂತ್ರಾಂಶವು ಯಾರ ಪರವಾನಿಗೆಯ ಮೇಲೆ ನಡೆಯತಕ್ಕದ್ದು?

ಪ್ರಶ್ನೆಯು ಅಲ್ಪವೆಂದು ತೋರಬಹುದು. ಡೇಟಾಬೇಸ್ ತಂತ್ರಾಂಶವನ್ನು ಕೊಳ್ಳುವವನು ವಸ್ತುವನ್ನು ಕೊಳ್ಳುವದಿಲ್ಲ. ಇಂಥ ಯಂತ್ರದ ಮೇಲೆ, ಇಷ್ಟು ಪ್ರಮಾಣದಲ್ಲಿ ಬಳಸಬಹುದೆಂಬ ಒಪ್ಪಿಗೆಯನ್ನು ಮಾತ್ರ ಕೊಳ್ಳುತ್ತಾನೆ. ಯಂತ್ರವು ಕಚೇರಿಯ ಮೂಲೆಯಲ್ಲಿದ್ದಾಗ ಈ ಭೇದವು ಯಾರಿಗೂ ಕಾಣಿಸುತ್ತಿರಲಿಲ್ಲ. ಯಂತ್ರವು ಪರರದಾದ ಮೇಲೆ ಅದೇ ಮುಖ್ಯವಾಯಿತು. ಗದಗಿನ ಪೇಟೆಯಲ್ಲಿ ಒಬ್ಬನು ತಕ್ಕಡಿಯನ್ನು ಬಾಡಿಗೆಗೆ ಕೊಡುವನೆಂದು ತಿಳಿಯಿರಿ. ಅವನಿಗೆ ಸ್ವಂತದ ಗೋದಾಮೂ ಇದೆ. ನನ್ನ ಗೋದಾಮಿನಲ್ಲಿ ತೂಗಿದರೆ ಒಂದು ದರ, ಎದುರಿನವನ ಗೋದಾಮಿನಲ್ಲಿ ತೂಗಿದರೆ ಎರಡು ದರ ಎಂದು ಅವನು ಹೇಳಿದರೆ ಅಡತಿ ವ್ಯಾಪಾರಿಗಳು ಸುಮ್ಮನಿರುವರೇ? ಡೇಟಾಬೇಸಿನ ಪೇಟೆಯಲ್ಲಿ ಇದೇ ನಡೆದಿದೆ. ಒರಾಕಲ್ ಕಂಪನಿಯು 2017ರಲ್ಲಿ ತನ್ನ ಎಣಿಕೆಯ ಕ್ರಮವನ್ನು ಬದಲಿಸಿದ್ದರಿಂದ, ಅದರ ಡೇಟಾಬೇಸಿನ ಒಂದು ಪರವಾನಿಗೆಯು ಆ ಕಂಪನಿಯ ಸ್ವಂತ ಕ್ಲೌಡ್‌ನಲ್ಲಿ ಎಷ್ಟು ಯಂತ್ರಬಲಕ್ಕೆ ಸಾಲುವದೋ ಅಮೆಝಾನಿನ ಕ್ಲೌಡ್‌ನಲ್ಲಿ ಅದರ ಅರ್ಧಕ್ಕೆ ಮಾತ್ರ ಸಾಲುವಂತಾಯಿತು. ಮೈಕ್ರೋಸಾಫ್ಟ್ ಕಂಪನಿಯು 2019ರ ಅಕ್ಟೋಬರದಿಂದ, ತನ್ನ ಪರವಾನಿಗೆಗಳನ್ನು ಅಮೆಝಾನ್, ಗೂಗಲ್ ಮುಂತಾದವರ ಮೀಸಲು ಯಂತ್ರಗಳಿಗೆ ಒಯ್ಯುವವರ ಮೇಲೆ ಹೊಸ ನಿರ್ಬಂಧಗಳನ್ನು ಹೇರಿತು. ಈ ಕಂಪನಿಯ ಪರವಾನಿಗೆಯ ರೀತಿಯು ಕ್ಲೌಡ್ ಪೇಟೆಯಲ್ಲಿ ಸ್ಪರ್ಧೆಗೆ ಬಾಧಕವಾಗಿದೆಯೆಂದು ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರದ ವಿಚಾರಣಾ ಮಂಡಲಿಯು 2025ರ ಜುಲೈಯಲ್ಲಿ ನಿರ್ಣಯವಿತ್ತಿದೆ. ಅಂಥ ಬಲಾಢ್ಯ ದೇಶದ ವ್ಯಾಪಾರಿಗಳಿಗೇ ದೂರು ಹೇಳಿಕೊಳ್ಳುವ ಪ್ರಸಂಗ ಬಂದಿರುವಾಗ ನಮ್ಮ ಪತ್ತಿನ ಸಂಘದ ಮಾತನ್ನು ಕೇಳುವವರಾರು?

ಹಾಗಾದರೆ ಮುಕ್ತವಾಗಿ ಹಂಚಿದ ತಂತ್ರಾಂಶಗಳಿವೆಯಲ್ಲ ಎನ್ನಬಹುದು. ಇವೆ, ಆದರೆ ಅಲ್ಲಿಯೂ ಎಚ್ಚರಿಕೆ ಬೇಕು. ಮೊಂಗೋಡಿಬಿ 2018ರಲ್ಲಿ, ಇಲಾಸ್ಟಿಕ್ 2021ರಲ್ಲಿ, ರೆಡಿಸ್ 2024ರಲ್ಲಿ, ಮೊದಲು ಎಲ್ಲರಿಗೂ ತೆರೆದಿಟ್ಟಿದ್ದ ತಂತ್ರಾಂಶದ ಪರವಾನಿಗೆಯನ್ನು ಬಿಗಿಗೊಳಿಸಿದವು. ಅವರ ಅಹವಾಲು ಪೊಳ್ಳಾದುದಲ್ಲ. ತಾವು ದುಡಿದು ಮಾಡಿದ್ದನ್ನು ದೊಡ್ಡ ಕ್ಲೌಡ್ ಕಂಪನಿಗಳು ಬಾಡಿಗೆಗೆ ಬಿಟ್ಟು ಲಾಭ ಮಾಡಿಕೊಳ್ಳುತ್ತವೆ, ತಮಗೆ ಪಾಲಿಲ್ಲ ಎಂಬುದು ಅವರ ಮಾತು. ನೂಲು ಒಬ್ಬರದು, ನೇಯ್ಗೆ ಒಬ್ಬರದು, ಲಾಭ ಮೂರನೆಯವನದು ಎಂಬ ಸಂಕಟವನ್ನು ಬೆಟಗೇರಿಯ ನೇಕಾರರು ಬಲ್ಲರು. ಆದರೂ ಒಂದು ಮಾತನ್ನು ಹೇಳದೆ ಗತ್ಯಂತರವಿಲ್ಲ: ಜನರು ನಂಬಿ ಒಳಗೆ ಬಂದ ಮೇಲೆ ಬಾಗಿಲಿನ ಕರಾರನ್ನು ತಿದ್ದುವದು ನ್ಯಾಯದ ಮಾರ್ಗವಲ್ಲ. ರೆಡಿಸ್ ಪರವಾನಿಗೆಯನ್ನು ಬದಲಿಸಿದ ಒಂದೆರಡು ವಾರದಲ್ಲಿಯೇ ಅದರ ಹಳೆಯ ಪ್ರತಿಯಿಂದ ವಾಲ್ಕಿ ಎಂಬ ಇನ್ನೊಂದು ತಂತ್ರಾಂಶವನ್ನು ಬೇರೆಯವರು ಎಬ್ಬಿಸಿದರು. ಮರುವರ್ಷ ರೆಡಿಸ್ ತಾನೇ ಮುಕ್ತ ಪರವಾನಿಗೆಯೊಂದಕ್ಕೆ ಮರಳಿತು. ಸಾಮಾನ್ಯ ಸಂಘವೊಂದು ಇಂಥ ತಂತ್ರಾಂಶವನ್ನು ತನ್ನ ಲೆಕ್ಕಕ್ಕಾಗಿ ಬಳಸಿದರೆ ಈ ನಿರ್ಬಂಧಗಳು ತಟ್ಟುವದಿಲ್ಲ. ಆದರೆ ನಾಳೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸಂಘಗಳಿಗೆಲ್ಲ ಒಂದು ಜಿಲ್ಲಾ ಬ್ಯಾಂಕೇ ಸ್ವಂತ ಯಂತ್ರಶಾಲೆಯಿಂದ ಡೇಟಾಬೇಸನ್ನು ಒದಗಿಸಲು ಮನಸ್ಸು ಮಾಡಿದರೆ, ಅದು ಕೂಡಲೆ 'ಸೇವೆ ಮಾರುವವರ' ಸಾಲಿಗೆ ಸೇರಿ ಪರವಾನಿಗೆಯ ತಡೆಗೆ ಸಿಕ್ಕಬಹುದು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಹುಟ್ಟಿದ ಕೆಲಸದಿಂದ ಬೆಳೆದ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಯಾವ ಒಂದು ಕಂಪನಿಯ ಸೊತ್ತೂ ಅಲ್ಲ. ಹಕ್ಕುದಾರರ ಹೆಸರಿನ ಸೂಚನೆಯನ್ನು ಉಳಿಸಿಕೊಂಡರೆ ಸಾಕು. ಯಾವ ಕ್ಲೌಡ್‌ನಲ್ಲಿಯಾದರೂ ಇಡಬಹುದು, ಎಷ್ಟು ಯಂತ್ರಗಳ ಮೇಲಾದರೂ ನಡೆಸಬಹುದು.

ಪರರ ದಫ್ತರದಲ್ಲಿ ನಮ್ಮ ಕಾಗದಗಳಿದ್ದರೆ ಏನಾಗುವದೆಂಬುದು ಈ ಭಾಗದವರಿಗೆ ಪುಸ್ತಕದಿಂದ ತಿಳಿಯಬೇಕಾದ ವಿಷಯವಲ್ಲ. 1948ರವರೆಗೆ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿಗೂ ಸೇರಿದ್ದವು. ಗದಗ ಬೆಟಗೇರಿಗಳೂ ಮುಂಡರಗಿಯೂ ಮುಂಬಯಿ ಇಲಾಖೆಯ ಆಡಳಿತದಲ್ಲಿದ್ದವು. ನೆರೆಹೊರೆಯ ಊರುಗಳ ಮೇಲಿನ ಅಧಿಕಾರವು ಮೂರು ಕಡೆಗೆ ಹಂಚಿಹೋಗಿದ್ದಿತು. ಇಂದು ಎಲ್ಲವೂ ಒಂದೇ ಗದಗ ಜಿಲ್ಲೆ. ಈಗ ನಮ್ಮ ಖತಾವಣಿಗೆ ಹೊಸ ಸಂಸ್ಥಾನಿಕರನ್ನು ನಾವಾಗಿಯೇ ಹುಡುಕಿಕೊಳ್ಳಬೇಕೇ?

ಸರಕಾರಕ್ಕೆ ಹೊಸ ಕಾಯದೆಯನ್ನು ಮಾಡೆಂದು ನಾವು ಕೇಳುತ್ತಿಲ್ಲ. 2015ರಲ್ಲಿ ಕೇಂದ್ರ ಸರಕಾರವೇ ಮುಕ್ತ ತಂತ್ರಾಂಶಕ್ಕೆ ಪ್ರಾಶಸ್ತ್ಯವೀಯುವ ಧೋರಣೆಯನ್ನು ಪ್ರಕಟಿಸಿತು. ಮುಕ್ತ ತಂತ್ರಾಂಶವನ್ನು ಕೈಬಿಟ್ಟ ಗುತ್ತಿಗೆದಾರನು ಅದಕ್ಕೆ ಕಾರಣವನ್ನು ಬರೆದುಕೊಡಬೇಕೆಂದು ಅದರಲ್ಲಿಯೇ ಹೇಳಿದೆ. ಆ ಕಾರಣಗಳನ್ನು ಅಧಿಕಾರಿಗಳು ಓದಿ ನೋಡಲಿ, ಜನರಿಗೂ ತೋರಿಸಲಿ. ಮುಕ್ತ ತಂತ್ರಾಂಶವನ್ನು ನಡೆಸುವ ತಜ್ಞರು ನಮ್ಮಲ್ಲಿ ಎಲ್ಲಿದ್ದಾರೆಂಬ ಆಕ್ಷೇಪವೊಂದು ಬರುವದು ಖಂಡಿತ. ಆಕ್ಷೇಪದಲ್ಲಿ ಹುರುಳಿದೆ, ತಂತ್ರಾಂಶವು ಪುಕ್ಕಟೆಯಾದರೂ ಅದನ್ನು ಕಾಯುವವರು ಪುಕ್ಕಟೆಯಲ್ಲ. ಆದರೆ ಗದಗಿನಲ್ಲಿ ತೋಂಟದಾರ್ಯ ಇಂಜಿನಿಯರಿಂಗ್ ಕಾಲೇಜು, ಲಕ್ಷ್ಮೇಶ್ವರದಲ್ಲಿ ಅಗಡಿ ಕಾಲೇಜು ಇರುವದು ಯಾತಕ್ಕೆ? ಪರವಾನಿಗೆಗೆ ವರ್ಷವರ್ಷವೂ ಹೊರಗೆ ಹೋಗುವ ಹಣದ ಒಂದು ಪಾಲು ಇಲ್ಲಿಯ ತರುಣರ ಸಂಬಳವಾಗಲಿ.

ಸಂಘಗಳ ಆಡಳಿತ ಮಂಡಲಿಯವರು ತಮಗೇನೂ ತಿಳಿಯದೆಂದು ಕೈಕಟ್ಟಿ ಕೂಡಬಾರದು. ತಮ್ಮ ಖತಾವಣಿಯು ಯಾವ ಡೇಟಾಬೇಸಿನಲ್ಲಿದೆ, ಅದರ ಪರವಾನಿಗೆಯು ಯಾರ ಹೆಸರಿನಲ್ಲಿದೆ, ಗುತ್ತಿಗೆಯು ಮುಗಿದ ದಿನ ಸಮಗ್ರ ಲೆಕ್ಕವನ್ನು ಬೇರೆ ಯಂತ್ರಕ್ಕೆ ಒಯ್ಯಲು ಶುಲ್ಕವೆಷ್ಟು ಎಂದು ಮೇಲಿನವರಿಗೆ ಕಾಗದ ಬರೆದು ಕೇಳಲಿ. ಬಂದ ಉತ್ತರವನ್ನು ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರ ಎದುರಿಗೆ ಓದಲಿ. ಕಣಗಿನಹಾಳದವರೇ ಈ ಕಾಗದವನ್ನು ಮೊದಲು ಬರೆದರೆ ನಮಗೆ ಅತ್ಯಂತ ಸಂತೋಷವಾಗುವದು.