ಕಪ್ಪು ಬೆಲ್ಲದ ಪರವಾಗಿ ಎರಡು ಮಾತು



ಮುದ್ದೇಬಿಹಾಳದಲ್ಲಿ ನನ್ನ ವ್ಯಾಕರಣದ ತಾಸಿನಲ್ಲಿ ತಪ್ಪದೆ ತೂಕಡಿಸುತ್ತಿದ್ದ ಶಿಷ್ಯನೊಬ್ಬ ಈಗ ಜಪಾನಿನಲ್ಲಿದ್ದಾನೆ. ಕಳೆದ ಶ್ರಾವಣದಲ್ಲಿ ಪತ್ನೀಸಮೇತನಾಗಿ ಮನೆಗೆ ಬಂದಾಗ ಒಂದು ಪೊಟ್ಟಣ ಕಪ್ಪು ಬೆಲ್ಲ ತಂದಿದ್ದ. ಆ ಮಗಳು ಅದನ್ನು ನೀರಿನಲ್ಲಿ ಕರಗಿಸಿ, ಮೈದಾ ಹಿಟ್ಟು, ಬೇಕಿಂಗ್ ಪೌಡರ್ ಕಲಸಿ, ನಮ್ಮ ಇಡ್ಲಿ ಪಾತ್ರೆಯಲ್ಲಿಯೇ ಹಬೆಯ ಬ್ರೆಡ್ಡು ಮಾಡಿಕೊಟ್ಟಳು. ಅದಕ್ಕೆ ಅಲ್ಲಿ ‘ಮುಶಿಪಾನ್’ ಎನ್ನುತ್ತಾರೆ. ‘ಮುಶಿ’ ಎಂದರೆ ಹಬೆಯಲ್ಲಿ ಬೆಂದದ್ದು. ‘ಪಾನ್’ ಪೋರ್ಚುಗೀಸರು ಬಿಟ್ಟುಹೋದ ಮಾತು. ಅದೇ ಮಾತು ಗೋವೆಯ ಕಡೆಯಿಂದ ನಮ್ಮಲ್ಲಿಗೆ ಬಂದು ‘ಪಾವ್’ ಆಯಿತು. (ಭಾಷೆಯ ಮಾಸ್ತರನಿಗೆ ಇಂಥದೊಂದು ಸಿಕ್ಕರೆ ತಿನ್ನುವುದೂ ಮರೆತುಹೋಗುತ್ತದೆ.)

ತಿಂದೆ. ಮೆತ್ತಗಿತ್ತು, ಸಿಹಿ ಮಿತವಾಗಿತ್ತು. ಸಿಹಿಯ ಬೆನ್ನಿಗೇ ತುಸು ಕಹಿ, ತುಸು ಉಪ್ಪು, ಕಾದ ಕಬ್ಬಿನ ಹಾಲಿನ ಘಮ. ಅದು ನನಗೆ ಹೊಸ ರುಚಿಯಾಗಿರಲಿಲ್ಲ. ಪಂಚಮಿಯ ದಿನ ಒಲೆಯ ಮೇಲೆ ಎಣ್ಣೆಯ ಬಾಣಲೆ ಇಡಬಾರದೆಂದು ಅವ್ವ ಹಬೆಯಲ್ಲಿ ಕುಚ್ಚಿದ ಕಡಬು ಮಾಡುತ್ತಿದ್ದಳು. ಆ ಕಡಬಿನ ಹೂರಣಕ್ಕೆ ಇದೇ ರುಚಿ, ಇದೇ ಬಣ್ಣ. ಇಂದು ನಮ್ಮ ಮನೆಯ ಕಡಬಿನಲ್ಲಿ ಅದಿಲ್ಲ. ಬೇಳೆ ಅದೇ, ಗೋದಿ ಅದೇ, ಬದಲಾದದ್ದು ಬೆಲ್ಲ.

ಬೆಲ್ಲ ಹಳದಿಯಾಗಿರಬೇಕೆಂದು ಹಟ ಹಿಡಿದವರು ನಾವೇ. ಪೇಟೆಯಲ್ಲಿ ಬಣ್ಣ ನೋಡಿ ದರ ಕೂಗುತ್ತಾರೆ. ಆದ್ದರಿಂದ ಗಾಣದವನು ಕುದಿಯುವ ರಸಕ್ಕೆ ‘ಹೈಡ್ರೋಸ್’ ಎಂಬ ಗಂಧಕದ ಪುಡಿ ಹಾಕುತ್ತಾನೆ. ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆಗಳಿಂದ ಕೊಳೆ ತೆಗೆಯುವುದು ಹಳೆಯ ವಿದ್ಯೆ. ಇದು ಬರಿಯ ಬಣ್ಣದ ಆಟ. ನಾನೇನೂ ಸಾಚಾ ಅಲ್ಲ. ಬೀಗರು ಬರುವರೆಂದರೆ ಬಂಗಾರದ ಬಣ್ಣದ ಪೆಂಟೆಯನ್ನೇ ಆರಿಸಿ ತರುತ್ತಿದ್ದೆ.

ಜಪಾನಿನ ದಕ್ಷಿಣದ ಓಕಿನಾವಾ ದ್ವೀಪಗಳಿಗೆ ಈ ವಿದ್ಯೆ ಚೀನಾದಿಂದ ಬಂದದ್ದು 1623ರಲ್ಲಿ. ಗಿಮಾ ಶಿಂಜೊ ಎಂಬವನು ಜನರನ್ನು ಕಳಿಸಿ ಕಲಿಸಿ ತರಿಸಿದ. ಅಲ್ಲಿಯೂ ಕಬ್ಬಿನ ರಸ, ಸುಣ್ಣ, ಕಡಾಯಿ, ನಮ್ಮದೇ ಕ್ರಮ. ಆದರೆ ಅವರು ಅದರ ಕಪ್ಪನ್ನು ತೊಳೆಯಲಿಲ್ಲ. ‘ಕುರೊ’ ಎಂದರೆ ಕಪ್ಪು. ಆ ಬೆಲ್ಲದ ಹೆಸರೇ ‘ಕುರೊಜಾತೊ’.

ನಾನು ಪಾಠ ಹೇಳಿದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಅಂದು ಬಿಳಿಜೋಳದ ಎರೆನಾಡು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿ ಜಲಾಶಯ 2006ರಲ್ಲಿ ಲೋಕಾರ್ಪಣೆಯಾಯಿತು. ನೀರು ಬಂದಲ್ಲಿ ಕಬ್ಬೂ ಬಂತು. ಆ ಕಬ್ಬು ಟ್ರ್ಯಾಕ್ಟರಿನಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ. ಮನೆಯ ಬೆಲ್ಲವನ್ನು ಮಾತ್ರ ನಾವು ಅಂಗಡಿಯಿಂದ ತರುತ್ತೇವೆ. ನಮ್ಮ ಸೀಮೆಯ ಹುಡುಗರು ನಾಲ್ಕು ಗಾಣ ಹೂಡಿ ಕಪ್ಪು ಬೆಲ್ಲಕ್ಕೇ ಹೆಸರು ಮಾಡಬಾರದೇಕೆ?

ಕಪ್ಪಾದದ್ದೆಲ್ಲ ಚೊಕ್ಕವಲ್ಲ ಎಂಬುದನ್ನು ಒಪ್ಪುತ್ತೇನೆ. ಹೊತ್ತಿದ ಪಾಕವೂ ಕಪ್ಪು, ಕಸ ತೆಗೆಯದ ಪಾಕವೂ ಕಪ್ಪು. ಮೂಸಿ ನೋಡಬೇಕು, ಚೂರು ಬಾಯಿಗಿಟ್ಟು ನೋಡಬೇಕು. ಆದರೆ ಕೊಳ್ಳುವವರು ಕೇಳದೆ ಮಾಡುವವರು ಮಾಡಲಾರರು.

ಮರುದಿನ ಅಂಗಡಿಗೆ ಹೋಗಿ ಕಪ್ಪು ಬೆಲ್ಲ ಕೇಳಿದೆ. ಅಂಗಡಿಕಾರ ಮೂಲೆಯ ಚೀಲ ತೋರಿಸಿ, “ಎತ್ತಿಗೇನ್ರಿ, ಸರ?” ಎಂದ.

“ಅಲ್ಲಪಾ, ಮನಿ ಮಂದಿಗೆ” ಎಂದೆ. ಎರಡು ಸಲ ಹೇಳಬೇಕಾಯಿತು.